ಬೀರುವಿನಲ್ಲಿ ಬಿದ್ದಿರುವ ವಾಚು

ತೀರ್ಥಹಳ್ಳಿ ಹತ್ತಿರದ ಹಳ್ಳಿಯ ಅಡಿಕೆ ಬೆಳೆಗಾರರೊಬ್ಬರು ಬರೆದ ಪತ್ರ ಇದು. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ.

"ಸಂಪಾದಕರಿಗೆ ನಮಸ್ಕಾರ. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಆಸೆಪಟ್ಟು ಒಂದು ರಾಡೋ ವಾಚು ತಗೊಂಡೆ. ಶಿವಮೊಗ್ಗದಲ್ಲಿ ಯಾವ ಮದುವೆಗೆ ಹೋದರೂ ನಾಲ್ಕು ಜನ ಕೈ ಹಿಡಿದು ನೋಡುತ್ತಾರೆ. ಮೊನ್ನೆ ಜ್ಯೂರಿಕ್‌ನಲ್ಲಿ ಕೆಲಸದಲ್ಲಿರುವ ಸೋದರಳಿಯ ಬಂದಿದ್ದ. 'ಮಾವ, ಇದನ್ನ ಅಲ್ಲಿ ಯಾರೂ ದೊಡ್ಡ ವಾಚು ಅನ್ನಲ್ಲ. ರೋಲೆಕ್ಸ್, ಪಾಟೆಕ್ ಫಿಲಿಪ್ ಅಂದ್ರೆ ಮಾತ್ರ ತಿರುಗಿ ನೋಡ್ತಾರೆ' ಅಂದ. ಮನಸ್ಸಿಗೆ ಪಿಚ್ಚೆನಿಸಿತು. ಒಂದೇ ವಾಚಿಗೆ ಒಂದೊಂದು ದೇಶದಲ್ಲಿ ಒಂದೊಂದು ಮರ್ಯಾದೆ ಯಾಕೆ? ನಾವು ಹಳ್ಳಿಯವರು ಮೋಸ ಹೋದೆವಾ? ಅಪ್ಪನ ಕಾಲದ ಎಚ್‌ಎಂಟಿ ಒಂದು ಬೀರುವಿನಲ್ಲಿ ಬಿದ್ದಿದೆ. ಅದಕ್ಕಂತೂ ಯಾವ ದೇಶದಲ್ಲೂ ಬೆಲೆಯಿಲ್ಲ ಬಿಡಿ."

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ಮೇಲೆ ಪ್ರೀತಿ ಬಂತು. ಎರಡನೇ ಸಲ ಕೊನೆಯ ಸಾಲು ಚುಚ್ಚಿತು. ಈ ಸಂಚಿಕೆಗೆ ನಿಮ್ಮ ಪತ್ರವನ್ನೇ ಆರಿಸಿದ್ದು ಆ ಸಾಲಿಗಾಗಿ. ಅಲ್ಲಿಗೆ ಆಮೇಲೆ ಬರುತ್ತೇನೆ.

ನಿಮ್ಮ ಸೋದರಳಿಯ ಸುಳ್ಳು ಹೇಳಿಲ್ಲ. ಹರಾಜಿನ ಲೆಕ್ಕ ಹಿಡಿದರೆ ಅವನ ಮಾತು ಸರಿ. 2017ರಲ್ಲಿ ನ್ಯೂಯಾರ್ಕಿನಲ್ಲಿ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ 1 ಕೋಟಿ 77 ಲಕ್ಷ ಡಾಲರಿಗೂ ಜಾಸ್ತಿಗೆ ಹೋಯಿತು. ರಾಡೋ ಆ ಸಾಲಿಗೆ ಸೇರುವ ವಾಚಲ್ಲ. ಇಷ್ಟನ್ನು ಅವನಿಗೆ ಬಿಟ್ಟುಕೊಡೋಣ.

ಆದರೆ ನೀವು ಅಡಿಕೆಯವರು. ಈ ಪ್ರಶ್ನೆಯ ಉತ್ತರ ನಿಮ್ಮ ಅಂಗಳದಲ್ಲೇ ಒಣಗುತ್ತಿರುತ್ತದೆ, ಅಲ್ವಾ? ಘಟ್ಟದ ಮೇಲೆ ನಾವು ಹಸಿ ಅಡಿಕೆ ಸುಲಿದು, ಬೇಯಿಸಿ, ಚೊಗರು ಹಾಕಿ ಕೆಂಪಗೆ ಮಾಡುತ್ತೇವೆ. ಘಟ್ಟ ಇಳಿದರೆ ಹಣ್ಣಡಿಕೆಯನ್ನು ಬಿಸಿಲಿಗೆ ಹಾಕಿ ಚಾಲಿ ಮಾಡುತ್ತಾರೆ. ಶಿವಮೊಗ್ಗದ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಕಾಳು ಆರಿಸಿ ರೇಟು ಕಟ್ಟುತ್ತಾರೆ. ಮಂಗಳೂರಿನ ಕಡೆ ಹೊಸ ಚಾಲಿಯೋ ಹಳೆ ಚಾಲಿಯೋ ಅನ್ನುವುದೇ ದೊಡ್ಡ ಮಾತು. ನಿಮ್ಮ ಸರಕಿನ ಮೂಟೆಯನ್ನು ಅಲ್ಲಿ ಇಳಿಸಿ, ಯಾರೂ ತಿರುಗಿ ನೋಡಲಿಲ್ಲ ಅಂದರೆ ಅಡಿಕೆ ಕೆಟ್ಟಿತು ಅನ್ನುತ್ತೀರಾ? ಅಡಿಕೆ ಅಗಿಯುವ ಬಾಯಿ ಬೇರೆ, ಅಷ್ಟೇ.

ರಾಡೋ ಕಥೆಯೂ ಹೀಗೇ. ಸ್ವಿಟ್ಜರ್ಲೆಂಡಿನ ಲೆಂಗ್ನೌ ಎಂಬ ಸಣ್ಣ ಊರಿನಲ್ಲಿ 1917ರಲ್ಲಿ ಶುರುವಾದ ಕಾರ್ಖಾನೆ ಅದು. 1962ರಲ್ಲಿ ಅವರು ಡಯಾಸ್ಟಾರ್ ಎಂಬ ವಾಚು ತಂದರು. ಕೊರೆಯುವ ಉಪಕರಣಗಳಿಗೆ ಬಳಸುವ ಟಂಗ್‌ಸ್ಟನ್ ಕಾರ್ಬೈಡ್‌ನಿಂದ ಅದರ ಮೈ ಮಾಡಿದ್ದರು. ಗೀರು ಬೀಳದ ವಾಚು ಎಂದು ಅದಕ್ಕೆ ಹೆಸರಾಯಿತು. ಯುರೋಪಿನ ಹಳೆ ಶ್ರೀಮಂತರಿಗೆ ಗೀರಿನ ಚಿಂತೆ ಇರಲಿಲ್ಲ. ಅವರ ಕೈ ಅಂಗಿಯ ತೋಳಿನೊಳಗೆ ಇರುತ್ತಿತ್ತು. ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿದ್ದ ನಮ್ಮವರಿಗೆ ಇತ್ತು. ರಜೆಗೆ ಊರಿಗೆ ಬರುವಾಗ ಅವರು ಅದನ್ನು ತಂದರು.

ನಾನು ಹುಡುಗನಾಗಿದ್ದಾಗ ನಮ್ಮೂರಿನವರೊಬ್ಬರು ಮಸ್ಕತ್‌ನಿಂದ ಬಂದಿದ್ದರು. ಅಂಗಳದ ಚಪ್ಪಡಿ ಕಲ್ಲಿನ ಮೇಲೆ ಕೂತು, ಕೈಯಿಂದ ವಾಚು ಬಿಚ್ಚಿ, ಆ ಕಲ್ಲಿಗೇ ಉಜ್ಜಿದರು. ನಾವು ಮಕ್ಕಳು ಉಸಿರು ಹಿಡಿದು ನಿಂತಿದ್ದೆವು. ಪಂಚೆಯ ಚುಂಗಿನಿಂದ ಒರೆಸಿ ತೋರಿಸಿದರು. ಒಂದು ಗೆರೆ ಇಲ್ಲ! ಆ ಮಧ್ಯಾಹ್ನ ನಮ್ಮೂರಿನಲ್ಲಿ ರಾಡೋಗೆ ಸಿಕ್ಕ ಮರ್ಯಾದೆಯನ್ನು ಯಾವ ಜಾಹೀರಾತೂ ಕೊಟ್ಟಿದ್ದಲ್ಲ. ಕತ್ತಿ ಹಿಡಿಯುವ, ಗೋಟಡಿಕೆ ಹೆಕ್ಕುವ, ಜೀಪಿನ ಬಾಗಿಲು ಎಳೆಯುವ ಕೈಗಳು ತಮಗೆ ಬೇಕಾದ್ದನ್ನು ಅಳೆದು ನೋಡಿ ಒಪ್ಪಿಕೊಂಡವು. ನೀವು ಮೋಸ ಹೋಗಿಲ್ಲ. ಧೈರ್ಯವಾಗಿ ಕಟ್ಟಿಕೊಳ್ಳಿ.

ಬೇರೆ ದೇಶದವರೂ ಹೀಗೇ ತಮ್ಮ ತಮ್ಮ ವಾಚು ಆರಿಸಿಕೊಂಡಿದ್ದಾರೆ. ಟಿಟೋನಿ ಎಂಬ ಸ್ವಿಸ್ ವಾಚಿದೆ. ಯುರೋಪಿನ ಬೀದಿಯಲ್ಲಿ ಅದರ ಹೆಸರು ಕೇಳಿದವರು ಕಡಿಮೆ. ಚೀನಾದಲ್ಲಿ ಅದು ಪ್ಲಮ್ ಹೂವಿನ ವಾಚು, ಅಜ್ಜಂದಿರ ಕಾಲದ ಹೆಮ್ಮೆ. ಅಲ್ಲಿ 1970ರ ದಶಕದಲ್ಲಿ ಮದುವೆಗೆ 'ಮೂರು ತಿರುಗುವಂಥದ್ದು, ಒಂದು ಸದ್ದು ಮಾಡುವಂಥದ್ದು' ಬೇಕಿತ್ತಂತೆ. ಸೈಕಲ್ಲು, ಹೊಲಿಗೆ ಯಂತ್ರ, ಕೈಗಡಿಯಾರ ತಿರುಗುವಂಥವು. ರೇಡಿಯೋ ಸದ್ದು ಮಾಡುವಂಥದ್ದು. ನಮ್ಮಲ್ಲೂ ಆಗ ಅಳಿಯನಿಗೆ ವಾಚು, ಸೈಕಲ್ಲು, ರೇಡಿಯೋ ಕೊಡುತ್ತಿದ್ದರು, ನೆನಪಿದೆಯಾ? ಆದರೆ ಗೋಡೆ ಗಡಿಯಾರವನ್ನು ಮಾತ್ರ ಚೀನಾದವರು ಯಾರಿಗೂ ಉಡುಗೊರೆ ಕೊಡುವುದಿಲ್ಲ. 'ಗಡಿಯಾರ ಕೊಡುವುದು' ಅನ್ನುವ ಮಾತು ಅವರ ಭಾಷೆಯಲ್ಲಿ 'ಅಂತ್ಯಕಾಲಕ್ಕೆ ಜೊತೆಯಿರುವುದು' ಅನ್ನುವ ಮಾತಿನಂತೆಯೇ ಕೇಳಿಸುತ್ತದೆ. ನಮ್ಮಲ್ಲಿ ಗೃಹಪ್ರವೇಶ ಮುಗಿಯುವಾಗ ಕಡಿಮೆಯೆಂದರೂ ಮೂರು ಗೋಡೆ ಗಡಿಯಾರ ಬಂದಿರುತ್ತವೆ.

ವಾಚು ಮರ್ಯಾದೆ ತರುವ ಹಾಗೆ ಮರ್ಯಾದೆ ತೆಗೆಯುವುದೂ ಉಂಟು. ಫ್ರಾನ್ಸಿನಲ್ಲಿ 2009ರಲ್ಲಿ ಜಾಹೀರಾತು ರಂಗದ ದೊಡ್ಡ ಮನುಷ್ಯ ಜಾಕ್ ಸೆಗೆಲಾ, ಐವತ್ತು ವರ್ಷಕ್ಕೆ ರೋಲೆಕ್ಸ್ ಇಲ್ಲದವನ ಬದುಕು ಸೋತ ಹಾಗೆ ಎಂದು ಟೀವಿಯಲ್ಲಿ ಹೇಳಿದರು. ಜನ ಸಿಟ್ಟಾದರು. ರಷ್ಯಾದಲ್ಲಿ 2012ರಲ್ಲಿ ಅಲ್ಲಿನ ಚರ್ಚಿನ ಮಹಾಗುರುಗಳ ಫೋಟೋ ಹೊರಬಂತು. ಕೈಯಲ್ಲಿದ್ದ ದುಬಾರಿ ಬ್ರೆಗೆ ವಾಚನ್ನು ಫೋಟೋದಿಂದ ಅಳಿಸಿದ್ದರು. ಮೇಜಿನ ಹೊಳಪಿನಲ್ಲಿ ಬಿದ್ದ ಅದರ ನೆರಳನ್ನು ಅಳಿಸಲು ಮರೆತಿದ್ದರು. ಅದೇ ವರ್ಷ ಚೀನಾದಲ್ಲಿ ಒಬ್ಬ ಅಧಿಕಾರಿ ಅಪಘಾತದ ಜಾಗದಲ್ಲಿ ನಗುತ್ತಾ ನಿಂತ ಚಿತ್ರ ನೋಡಿ ಜನ ಕೆರಳಿದರು. ಅವನ ಹಳೆಯ ಫೋಟೋಗಳನ್ನು ಹುಡುಕಿ ಕೈಯಲ್ಲಿದ್ದ ವಾಚುಗಳನ್ನು ಒಂದೊಂದಾಗಿ ಲೆಕ್ಕ ಹಾಕಿದರು. ಮರುವರ್ಷ ಭ್ರಷ್ಟಾಚಾರಕ್ಕೆ 14 ವರ್ಷ ಜೈಲಾಯಿತು.

ನಮ್ಮ ರಾಜ್ಯದ ಕಥೆ ನಿಮಗೆ ಗೊತ್ತೇ ಇದೆ. 2016ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯಲ್ಲಿದ್ದ ಹ್ಯೂಬ್ಲೊ ವಾಚಿನ ಮಾತು ಎದ್ದಿತು. ಅದು ಸ್ನೇಹಿತರ ಉಡುಗೊರೆ ಎಂದು ಅವರು ಹೇಳಿದರು. ಮಾರ್ಚಿಯಲ್ಲಿ ವಿಧಾನಸಭಾಧ್ಯಕ್ಷರಿಗೆ ಒಪ್ಪಿಸಿದರು. ವಾಚು ಸರ್ಕಾರದ್ದಾಯಿತು. ಅವರ ಸರಿ ತಪ್ಪು ಇಲ್ಲಿ ನನ್ನ ವಿಷಯವಲ್ಲ. ನನಗೆ ಸಂಕಟವಾಗಿದ್ದು ಬೇರೆ. ಅದರ ಹಿಂದಿನ ತಿಂಗಳು, ಜನವರಿಯಲ್ಲಿ, ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತ್ತು. ಫೆಬ್ರವರಿ ಪೂರ್ತಿ ಊರೂರಿನ ಕಟ್ಟೆಯ ಮೇಲೆ, ಹೋಟೆಲಿನಲ್ಲಿ, ಸೆಲೂನಿನಲ್ಲಿ ಹ್ಯೂಬ್ಲೊ ಮಾತೇ ಮಾತು. ಅದುವರೆಗೆ ಆ ಹೆಸರೇ ಕೇಳದವರೂ ಅದರ ಬೆಲೆ ಹೇಳುತ್ತಿದ್ದರು. ಎಚ್‌ಎಂಟಿ ಮುಚ್ಚಿತಂತೆ ಎಂದು ನನ್ನೆದುರು ಹೇಳಿದವರು ಒಬ್ಬರೇ. ಅವರು ಶಿವಮೊಗ್ಗದ ಗಾಂಧಿ ಬಜಾರಿನ ಒಬ್ಬ ವಾಚ್ ರಿಪೇರಿಯವರು.

ಈಗ ನಿಮ್ಮ ಕೊನೆಯ ಸಾಲಿಗೆ ಬಂದೆ.

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚಿನ ಕಾರ್ಖಾನೆ ಶುರುವಾಯಿತು. ಆಮೇಲೆ ತುಮಕೂರಿಗೂ ಬಂತು. ಜನತಾ, ಪೈಲಟ್, ಸೋನಾ, ಕಾಂಚನ್ ಎಂದು ಹೆಸರುಗಳು. ಕಣ್ಣು ಕಾಣದವರಿಗಾಗಿ ಬ್ರೈಲ್ ವಾಚನ್ನೂ ಮಾಡಿದರು. ಕಾಂಚನ್ ಬೇಕು ಎಂದು ಹಟ ಹಿಡಿದ ಅಳಿಯಂದಿರನ್ನು ನಮ್ಮ ಹಿರಿಯರೆಲ್ಲ ನೋಡಿದ್ದಾರೆ. ಆಗ ಹೊಸನಗರದ ಮದುವೆ ಮನೆಯಲ್ಲಿ ಕಾಂಚನ್‌ಗೆ ಇದ್ದ ಮರ್ಯಾದೆಗೂ ಜಿನೀವಾದಲ್ಲಿ ಪಾಟೆಕ್ ಫಿಲಿಪ್‌ಗೆ ಇದ್ದ ಮರ್ಯಾದೆಗೂ ನಾನಂತೂ ಭೇದ ಕಾಣೆ.

ನನ್ನ ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರು. ಅವರದು ಜನತಾ, 17 ಜ್ಯುವೆಲ್ಸ್, ಅಂದರೆ ಒಳಗಿನ ಚಕ್ರಗಳು ಸವೆಯದಂತೆ ಹದಿನೇಳು ಸಣ್ಣ ಹರಳು ಕೂರಿಸಿದ್ದು. ಬುಕ್ ಮಾಡಿ, ತಿಂಗಳುಗಟ್ಟಲೆ ಕಾದು ತಂದದ್ದು. ರೇಡಿಯೋದಲ್ಲಿ ಬೆಳಗಿನ ವಾರ್ತೆ ಶುರುವಾಗುತ್ತಿದ್ದಂತೆ ಮುಳ್ಳು ನೋಡಿಕೊಂಡು ಕೀ ಕೊಡುತ್ತಿದ್ದರು. ಇಪ್ಪತ್ತೈದು ಸುತ್ತು. ಇಪ್ಪತ್ತಾರನೆಯದಕ್ಕೆ ಕೈ ಹೋಗುತ್ತಿರಲಿಲ್ಲ. ಆಷಾಢದ ಮಳೆಯಲ್ಲಿ ಗಾಜಿನ ಒಳಗೆ ಮಂಜು ಕಟ್ಟಿದರೆ ರಾತ್ರಿ ಅದನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬಿಯಲ್ಲಿ ಇಡುತ್ತಿದ್ದರು. ಬೆಳಿಗ್ಗೆ ಅಮ್ಮ ಅಕ್ಕಿ ಅಳೆಯುವ ಮೊದಲು ವಾಚು ತೆಗೆದು ಕಿವಿಗಿಟ್ಟು ನೋಡುತ್ತಿದ್ದಳು. ಮನೆಯಲ್ಲಿ ಆ ವಾಚಿಗೆ ಒಂದು ಜಾಗ ಇತ್ತು.

ಅಪ್ಪ ಹೋದಮೇಲೆ ಅದು ನಮ್ಮ ಬೀರುವಿನಲ್ಲೂ ಬಿದ್ದಿತ್ತು. ಹಾಗೆ ಬಿಟ್ಟದ್ದಕ್ಕೆ ನನಗೆ ಈಗಲೂ ಬೇಜಾರಿದೆ. ಒಂದು ದಿನ ಆ ಗಾಂಧಿ ಬಜಾರಿನವರ ಹತ್ತಿರ ಒಯ್ದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಹಿಂದಿನ ಮುಚ್ಚಳ ಬಿಚ್ಚಿ, ರಬ್ಬರ್ ಬಲ್ಬಿನಿಂದ ಒಂದು ಸಲ ಗಾಳಿ ಊದಿದರು. ಚಿಮಟದ ತುದಿಯಿಂದ ಬ್ಯಾಲೆನ್ಸ್ ಚಕ್ರವನ್ನು ಮೆಲ್ಲಗೆ ಮುಟ್ಟಿದರು. ಅದು ಎರಡು ಸಲ ತೂಗಿ ನಿಂತಿತು. "ಎಣ್ಣೆ ಒಣಗಿದೆ ಸಾರ್, ಜೀವ ಇದೆ" ಅಂದರು. ಒಂದು ವಾರ ಬಿಟ್ಟು ಹೋದಾಗ ಅದು ಸೆಕೆಂಡಿಗೆ ಐದು ಸಲ ಟಿಕ್ ಅನ್ನುತ್ತಿತ್ತು. ಬಿಡಿ ಭಾಗ ಈಗ ಬರುವುದಿಲ್ಲವಂತೆ. ಕೆಟ್ಟು ನಿಂತ ಎಚ್‌ಎಂಟಿಗಳನ್ನು ಕೊಂಡು, ಬಿಚ್ಚಿ, ಒಂದರದ್ದು ಇನ್ನೊಂದಕ್ಕೆ ಹಾಕುತ್ತಾರೆ. ಮಗ ಕಲಿಯುತ್ತಿದ್ದಾನಾ ಎಂದು ಕೇಳಿದೆ. ತಲೆ ಎತ್ತದೆ ಇಲ್ಲ ಅಂದರು.

ಎಚ್‌ಎಂಟಿ ವರ್ಷಗಟ್ಟಲೆ ನಷ್ಟದಲ್ಲಿತ್ತು, ನಿಜ. ಸೆಲ್ಲಿನ ವಾಚು ಬಂತು, ಹೊಸೂರಿನಿಂದ ಟೈಟಾನ್ ಬಂತು, ಕಾಲ ಓಡಿತು, ನಮ್ಮದು ಹಿಂದೆ ಬಿತ್ತು. ಆದರೆ ಸ್ವಿಟ್ಜರ್ಲೆಂಡೂ ಇದೇ ಹೊಡೆತ ತಿಂದಿದೆ. 1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕಿಟ್ಟಿತು, ಕೀ ಬೇಡದೆ ಸೆಲ್ಲಿನಿಂದ ಓಡುವಂಥದ್ದು. ಮುಂದಿನ ಹದಿನೈದು ವರ್ಷಗಳಲ್ಲಿ ಸ್ವಿಸ್ ವಾಚಿನ ಕೆಲಸಗಾರರು ಸುಮಾರು 90 ಸಾವಿರದಿಂದ 30 ಸಾವಿರದ ಹತ್ತಿರಕ್ಕೆ ಇಳಿದರು. ಊರಿಗೆ ಊರೇ ಖಾಲಿ ಕೂತಿತು. ಅವರೇನು ಮಾಡಿದರು? 1983ರಲ್ಲಿ ಅಗ್ಗದ ಸ್ವಾಚ್ ತಂದು ಉಸಿರು ಹಿಡಿದುಕೊಂಡರು. ಕೀ ಕೊಡುವ ಹಳೆ ವಾಚನ್ನು ಎಸೆಯಲಿಲ್ಲ. ಇದು ನಮ್ಮ ಅಜ್ಜಂದಿರ ಕೈಕೆಲಸ, ಇದಕ್ಕೆ ಇನ್ನೂ ಜಾಸ್ತಿ ಬೆಲೆ ಎಂದು ಗಟ್ಟಿಯಾಗಿ ಹೇಳಿದರು, ಹೇಳುತ್ತಲೇ ಬಂದರು. ಇವತ್ತು ನಿಮ್ಮ ಸೋದರಳಿಯ ತಲೆಬಾಗುವ ಆ ದೊಡ್ಡ ವಾಚುಗಳ ಈಗಿನ ಗತ್ತು ಬಹುಪಾಲು ಆಮೇಲೆ ಕಟ್ಟಿದ್ದು. ಸೋತ ಕೆಲಸವನ್ನು ಅವರು ತಮ್ಮದು ಎಂದು ಅಪ್ಪಿಕೊಂಡರು. ನಾವು ಬೀಗ ಹಾಕಿದೆವು.

ಜಿನೀವಾದಿಂದ ಉತ್ತರಕ್ಕೆ ಬೆಟ್ಟಗಳ ನಡುವೆ ಜೂ ಎಂಬ ಕಣಿವೆಯಿದೆ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತಿತ್ತು. ಅಲ್ಲಿನ ರೈತರು ದನ ಕಟ್ಟಿ, ಕಿಟಕಿ ಪಕ್ಕ ಕೂತು ಗಡಿಯಾರದ ಬಿಡಿ ಭಾಗ ಮಾಡುತ್ತಿದ್ದರು. ಇವತ್ತಿನ ದುಬಾರಿ ವಾಚುಗಳ ಬೇರು ಆ ರೈತರ ಮನೆಗಳಲ್ಲಿದೆ. ಇದನ್ನು ಓದಿದಾಗೆಲ್ಲ ನನಗೆ ನಮ್ಮ ಮಳೆಗಾಲ ನೆನಪಾಗುತ್ತದೆ. ಆಗುಂಬೆ, ಹುಲಿಕಲ್ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾವೂ ಹಾಗೇ ಒಳಗೆ ಕೂತವರು. ಕೈಕೆಲಸ ನಮಗೂ ಗೊತ್ತಿತ್ತು. ಸಾಗರ, ಸೊರಬದ ಗುಡಿಗಾರರು ಬೆರಳುದ್ದದ ಗಂಧದ ತುಂಡಿನಲ್ಲಿ ಆನೆ, ಅಂಬಾರಿ, ಬಳ್ಳಿ ಎಲ್ಲ ಬಿಡಿಸುತ್ತಾರೆ. ಅಂಥ ಬೆರಳುಗಳಿಗೆ ನಾವು ಏನು ದಾರಿ ತೋರಿಸಿದೆವು? ಭದ್ರಾವತಿಯಲ್ಲಿ ಕಬ್ಬಿಣ ಕಾಯಿಸುತ್ತಿದ್ದ ಊರಿಗೆ ಈಗ ಕಾರ್ಖಾನೆ ಉಳಿಸಿ ಎಂದು ಬೇಡುವ ಗತಿ. ಪಕ್ಕದ ಕಾಗದ ಕಾರ್ಖಾನೆ ನಿಂತೇ ಹೋಯಿತು. ನಮ್ಮ ನೆಲದಲ್ಲೇ ಆಗುತ್ತಿದ್ದ ಕಾಗದದ ಮೇಲೆ ಈ ಪತ್ರಿಕೆ ಅಚ್ಚಾಗುವ ಭಾಗ್ಯ ಇನ್ನಿಲ್ಲ. ಇದನ್ನು ಬರೆಯುವಾಗ ಕೈ ಭಾರವಾಗುತ್ತದೆ.

ಯಾವ ದೇಶದಲ್ಲೂ ಬೆಲೆಯಿಲ್ಲ ಎಂದಿರಲ್ಲ, ಅದು ಸುಮ್ನೆ ಬಂದ ಮಾತು, ತಪ್ಪು ಮಾತು. ಇಂಗ್ಲೆಂಡು, ಅಮೆರಿಕಾದಲ್ಲಿ ಹಳೆ ವಾಚು ಕೂಡಿಡುವವರು ಎಚ್‌ಎಂಟಿ ಪೈಲಟ್, ಜನತಾಗಳನ್ನು ಹುಡುಕಿ ಕೊಳ್ಳುತ್ತಾರೆ. ಬೇಡಿಕೆ ಎಷ್ಟೆಂದರೆ, ಹಳೆ ಡಯಲಿಗೆ ಹೊಸ ಬಣ್ಣ ಹೊಡೆದು, ಸಿಕ್ಕಿದ ಭಾಗ ಜೋಡಿಸಿ ಮಾರುವ ಕಲಬೆರಕೆ ಧಂಧೆಯೇ ನಡೆಯುತ್ತಿದೆ. ನಿಮ್ಮದು ಅಪ್ಪನ ಕೈಯಿಂದ ನೇರವಾಗಿ ಬಂದದ್ದು. ಹಾಗೆಂದು ಪರದೇಶದವರು ಕೇಳುತ್ತಾರೆ ಅನ್ನುವ ಕಾರಣಕ್ಕೆ ಅದನ್ನು ಹೊರಗೆ ತೆಗೆಯಬೇಡಿ. ಹಾಗೆ ಮಾಡಿದರೆ ಮತ್ತೆ ಸೋದರಳಿಯನ ತಕ್ಕಡಿಯಲ್ಲೇ ತೂಗಿದ ಹಾಗಾಯಿತು.

ಒಂದು ಮಾತು ನಡೆಸಿಕೊಡಿ. ಬೀರುವಿನಿಂದ ತೆಗೆದ ಕೂಡಲೇ ಆಸೆಗೆ ಬಿದ್ದು ಕೀ ಕೊಡಬೇಡಿ. ಒಣಗಿದ ಎಣ್ಣೆಯಲ್ಲಿ ಚಕ್ರ ಓಡಿಸಿದರೆ ಸವೆಯುತ್ತದೆ. ಹಾಗೇ ಬಟ್ಟೆಯಲ್ಲಿ ಸುತ್ತಿಕೊಂಡು, ಮುಂದಿನ ಸಲ ಮಂಡಿಗೆ ಬರುವಾಗ ತನ್ನಿ. ಭಾನುವಾರ ಬೇಡ, ಅವರ ಅಂಗಡಿ ಬಾಗಿಲು ಹಾಕಿರುತ್ತದೆ. ಬೇರೆ ಯಾವ ದಿನವಾದರೂ ಸರಿ, ನಮ್ಮ ಕಚೇರಿಗೆ ಬನ್ನಿ. ಗಾಂಧಿ ಬಜಾರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಸೋದರಳಿಯ ಇನ್ನೂ ಊರಲ್ಲಿದ್ದರೆ ಅವನನ್ನೂ ಕರೆತನ್ನಿ. ಮುಚ್ಚಳ ಬಿಚ್ಚುವಾಗ ಅವನೂ ಪಕ್ಕದಲ್ಲಿ ನಿಂತು ನೋಡಲಿ.

- ಸಂಪಾದಕ