ಶಿಂಚುಗೆ ಬರೋ ಇಂಗ್ಲಿಷ್ ಮೇಡಂಗೆ

ನಿನ್ನ ಪತ್ರ ಬಂತು. ಗಂಡನಿಗೆ ತೈವಾನಿನ ಶಿಂಚು ಸೈನ್ಸ್ ಪಾರ್ಕಿನಲ್ಲಿ ಕೆಲಸ ಸಿಕ್ಕಿದೆ, ನೀನು ಶಿವಮೊಗ್ಗದಲ್ಲಿ ಪಿಯು ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡಿದವಳು, ಇಲ್ಲಿಗೆ ಬಂದರೆ ಚೀನೀ ಮಾತಾಡೋ ಮಕ್ಕಳಿಗೂ ಪಾಠ ಹೇಳಬಹುದಾ ಅಕ್ಕ, ನಮ್ಮ ಇಂಗ್ಲಿಷ್ ಅವರಿಗೆ ಹಿಡಿಸುತ್ತಾ, ಊಟಕ್ಕೆ ಏನು ಮಾಡೋದು, ಐದು ವರ್ಷದ ಮಗನನ್ನ ಯಾವ ಶಾಲೆಗೆ ಹಾಕೋದು ಅಂತೆಲ್ಲ ಕೇಳಿದ್ದೀಯ. ‘ನೀನು ಅಂತಲೇ ಕರೀರಿ’ ಅಂದಿದ್ದಕ್ಕೆ ಹಾಗೇ ಬರೀತಿದ್ದೀನಿ.

ಊಟದ ಚಿಂತೆ ಬಿಡು. ಬೌದ್ಧರ ಸಸ್ಯಾಹಾರಿ ಹೋಟೆಲುಗಳು ಇಲ್ಲಿ ಬೇಕಾದಷ್ಟಿವೆ, ಎಷ್ಟೋ ಕಡೆ ಬೋರ್ಡಿನ ಮೇಲೇ ಸ್ವಸ್ತಿಕ ಇರುತ್ತೆ. ಸಂಪ್ರದಾಯಸ್ಥರ ಅಂಗಡಿಯಾದರೆ ಈರುಳ್ಳಿ, ಬೆಳ್ಳುಳ್ಳಿ ಕೂಡ ಹಾಕಲ್ಲ. ಖಾರ ಮಾತ್ರ ಕೇಳಬೇಡ. ಸಾರಿನ ಪುಡಿ ಧಾರಾಳವಾಗಿ ತಂದುಕೋ. ಚಳಿಗಾಲದಲ್ಲಿ ಇಲ್ಲಿ ಗಾಳಿ ವಿಪರೀತ, ಈ ಊರಿಗೆ ‘ಗಾಳಿಯ ನಗರ’ ಅಂತಲೇ ಹೆಸರು. ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಗೆ ಕ್ಲಿಪ್ಪು ಮರೆತರೆ ಪಕ್ಕದ ಬೀದಿಯಲ್ಲಿ ಹುಡುಕಬೇಕಾಗುತ್ತೆ.

ಈಗ ಕೆಲಸದ ಮಾತು. ಮೊದಲು ಕಹಿಯಾದದ್ದೇ ಹೇಳಿಬಿಡ್ತೀನಿ. ಗಂಡನ ಕೆಲಸದ ಮೇಲೆ ನಿನಗೆ ಸಿಗೋ ಅವಲಂಬಿತರ ಕಾರ್ಡು ವಾಸಕ್ಕೆ ಮಾತ್ರ, ದುಡಿಮೆಗಲ್ಲ. ಪರವಾನಗಿ ಇಲ್ಲದೆ ದುಡಿದು ಸಿಕ್ಕಿಬಿದ್ದರೆ 30,000ದಿಂದ 1,50,000 ತೈವಾನ್ ಡಾಲರ್ ದಂಡ, ಮೇಲೆ ದೇಶ ಬಿಟ್ಟು ಹೋಗು ಅಂತಾರೆ. ‘ಮನೆಯಲ್ಲೇ ಎರಡು ಮಕ್ಕಳಿಗೆ ಹೇಳಿಕೊಡು, ಯಾರಿಗೆ ಗೊತ್ತಾಗುತ್ತೆ’ ಅನ್ನೋವರು ಬಂದ ವಾರದಲ್ಲೇ ಸಿಗ್ತಾರೆ. ಕಿವಿಗೆ ಹಾಕ್ಕೋಬೇಡ.

ಪರವಾನಗಿ ಮಾಡಿಸಿಕೊಡೋದು ಬೂಶೀಬಾನ್‌ಗಳು, ಅಂದರೆ ಇಲ್ಲಿನ ಟ್ಯೂಷನ್ ಸೆಂಟರುಗಳು. ಶಾಲೆ ಬಿಟ್ಟ ಮಕ್ಕಳು ರಾತ್ರಿ ಒಂಬತ್ತರವರೆಗೂ ಅಲ್ಲೇ ಕೂತಿರ್ತಾರೆ. ಅವರ ಜಾಹೀರಾತುಗಳಲ್ಲಿ ಕೇಳೋದು ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾದ ಪಾಸ್‌ಪೋರ್ಟ್. ನಿನ್ನ ಎಂ.ಎ., ಬಿ.ಎಡ್. ಎರಡೂ ಆ ಸಾಲಿನ ಕೆಳಗೆ ಬರುತ್ತೆ. ಇದು ನ್ಯಾಯವಾ? ಅಲ್ಲ. ಡಿಗ್ರಿ ಮುಗಿಸಿ ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಬಂದ ಇಪ್ಪತ್ತೆರಡರ ಹುಡುಗನಿಗೆ ಸಿಗೋ ಕೆಲಸ, ವರ್ಷಗಟ್ಟಲೆ ತರಗತಿ ನಡೆಸಿದವಳಿಗೆ ಸಿಗಲ್ಲ. ಬಂದ ಮೇಲೆ ಗೊತ್ತಾಗಿ ಅಳೋದಕ್ಕಿಂತ ಈಗಲೇ ತಿಳಿದಿರಲಿ.

ದಾರಿಗಳೂ ಇವೆ. ಐದು ವರ್ಷ ನಿರಂತರವಾಗಿ ಕಾನೂನುಬದ್ಧವಾಗಿ ನೆಲೆಸಿದವರಿಗೆ ಎಪಿಆರ್‌ಸಿ ಅನ್ನೋ ಕಾಯಂ ವಾಸದ ಕಾರ್ಡು ಸಿಗುತ್ತೆ. ನಿನ್ನ ಗಂಡನಂಥ ನೌಕರಿಯವರಿಗೆ ಆ ದಾರಿ ನೇರ. ನನ್ನ ಹತ್ತಿರ ಅದಿದೆ, ಅದರಿಂದಲೇ ಹೈಸ್ಕೂಲಿನ ಮಕ್ಕಳಿಗೆ ಒಬ್ಬೊಬ್ಬರಿಗೇ ಮನೆಪಾಠ ಮಾಡ್ತಿದ್ದೀನಿ. ಇನ್ನೊಂದು ದಾರಿ, ನೀನೇ ವಿದ್ಯಾರ್ಥಿನಿಯಾಗೋದು. ಇಲ್ಲಿನ ತ್ಸಿಂಗ್‌ಹುವಾ ವಿಶ್ವವಿದ್ಯಾಲಯ 2016ರಲ್ಲಿ ಊರಿನ ಶಿಕ್ಷಣ ವಿಶ್ವವಿದ್ಯಾಲಯವನ್ನ ತನ್ನೊಳಗೆ ಸೇರಿಸಿಕೊಂಡಿತು, ಹಾಗಾಗಿ ಪಾಠ ಹೇಳೋದನ್ನ ಓದೋಕೆ ಅಲ್ಲೇ ಜಾಗ ಇದೆ. ವಿದ್ಯಾರ್ಥಿಗಳು ಪರವಾನಗಿ ತಗೊಂಡು ಸೆಮಿಸ್ಟರ್ ನಡೆಯೋವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಅಲ್ಲೀತನಕ ಭಾಷಾ ವಿನಿಮಯ ಮಾಡಿಕೋ. ಇಲ್ಲಿ ಅದು ಸಾಮಾನ್ಯ ಸಂಗತಿ, ಒಂದು ಗಂಟೆ ನೀನು ಇಂಗ್ಲಿಷ್, ಒಂದು ಗಂಟೆ ಅವರು ಚೀನೀ, ಕಾಫಿ ಅವರವರ ಖರ್ಚು. ದುಡ್ಡು ಹುಟ್ಟಲ್ಲ. ಆದರೆ ಮುಂದೆ ಪಾಠಕ್ಕೆ ಬೇಕಾಗೋ ಅರ್ಧ ವಿದ್ಯೆ ಅಲ್ಲೇ ಬರುತ್ತೆ, ಯಾಕಂದ್ರೆ ಅವರ ತಪ್ಪುಗಳು ಎಲ್ಲಿಂದ ಹುಟ್ಟುತ್ತವೆ ಅನ್ನೋದು ಅವರ ಭಾಷೆ ಒಂದಿಷ್ಟು ಕಿವಿಗೆ ಬಿದ್ದ ಮೇಲೇ ಗೊತ್ತಾಗೋದು.

ನಮ್ಮ ಇಂಗ್ಲಿಷ್ ಹಿಡಿಸುತ್ತಾ ಅಂದೆಯಲ್ಲ. ಉಚ್ಚಾರಣೆಯ ವಿಷಯದಲ್ಲಿ ಇಲ್ಲಿನವರು ಅಮೆರಿಕದ ಕಡೆಯವರು. ನಿಘಂಟಿನಲ್ಲಿ, ಪಾಠದಲ್ಲಿ ಎಲ್ಲ ಕಡೆ ಕೆಕೆ ಅನ್ನೋ ಅಮೆರಿಕನ್ ಉಚ್ಚಾರಣೆಯ ಚಿಹ್ನೆಗಳೇ. ಅವನ್ನ ಒಂದು ಸಲ ಕಲಿತುಬಿಡು. ನಮ್ಮ ಟ, ಡ ಸ್ವಲ್ಪ ಮೆತ್ತಗೆ ಮಾಡಿ, ಮಾತಿನ ವೇಗ ಇಳಿಸಿದರೆ ಸಾಕು. ಉಚ್ಚಾರಣೆಗೆ ಅಂತ ತಾಯಂದಿರು ಯಾರಾದರೂ ಬಿಳಿಯರನ್ನ ಹುಡುಕ್ತಾರೆ, ಹುಡುಕಲಿ. ವ್ಯಾಕರಣ, ಓದು, ಪದ ಅಂತ ಬಂದಾಗ ನಿನ್ನಷ್ಟು ಚೆನ್ನಾಗಿ ಬಿಡಿಸಿ ಹೇಳೋಕೆ ಇಂಗ್ಲಿಷ್ ಜೊತೆಯೇ ಹುಟ್ಟಿದವನಿಗೆ ಆಗಲ್ಲ. ಇದು ಸಮಾಧಾನಕ್ಕೆ ಹೇಳ್ತಿರೋ ಮಾತಲ್ಲ, ಕೇಳು.

ಚೀನೀಯಲ್ಲಿ ಕ್ರಿಯಾಪದ ಬದಲಾಗೋದೇ ಇಲ್ಲ. ನಿನ್ನೆ ಹೋಗು, ಇವತ್ತು ಹೋಗು, ನಾಳೆ ಹೋಗು. ಯಾವಾಗ ಅನ್ನೋದನ್ನ ‘ನಿನ್ನೆ’ ಅನ್ನೋ ಮಾತೇ ಹೇಳಿಬಿಡುತ್ತೆ, ಕೆಲಸ ಮುಗಿದಿದೆ ಅಂತ ತೋರಿಸೋಕೆ ಕೊನೆಗೊಂದು ‘ಲ’ ಸೇರಿಸ್ತಾರೆ. ಅದಕ್ಕೇ ‘ಯೆಸ್ಟರ್‌ಡೇ ಐ ಗೋ’ ಅಂತ ಬರೀತಾರೆ. ಈ ಮಕ್ಕಳಿಗೆ ‘ವೆಂಟ್’ ಗೊತ್ತಿಲ್ಲದೆ ಅಲ್ಲ, ಪಟ್ಟಿ ಒಪ್ಪಿಸು ಅಂದರೆ ಗೋ, ವೆಂಟ್, ಗಾನ್ ಅಂತ ತಡವರಿಸದೆ ಹೇಳ್ತಾರೆ. ನಿನ್ನೆ ಅಂತ ಒಮ್ಮೆ ಹೇಳಿದ ಮೇಲೆ ಮತ್ತೆ ಯಾಕೆ ಹೇಳಬೇಕು ಅನ್ನೋದು ಅವರ ಲೆಕ್ಕ. ಪಟ್ಟಿ ಇನ್ನೊಂದು ಸಲ ಬಾಯಿಪಾಠ ಮಾಡಿಸಿದರೆ ಏನೂ ಆಗಲ್ಲ. ನಿನ್ನೆ ಏನೇನು ಮಾಡಿದೆ ಅಂತ ದಿನಾ ಐದು ವಾಕ್ಯ ಹೇಳಿಸು, ‘ಯೆಸ್ಟರ್‌ಡೇ’ ಅನ್ನೋ ಪದ ಬಳಸಬಾರದು ಅಂತ ಷರತ್ತು ಹಾಕು. ಆಗ ಕಾಲ ತೋರಿಸೋ ಭಾರ ಕ್ರಿಯಾಪದದ ಮೇಲೇ ಬೀಳುತ್ತೆ.

ಬಹುವಚನದ ‘ಎಸ್’ ಬಿಡ್ತಾರೆ. ನಾವೂ ಎರಡು ಪುಸ್ತಕ, ಹತ್ತು ರೂಪಾಯಿ ಅಂತಲೇ ಅಲ್ವಾ ಅನ್ನೋದು? ‘ಎ’, ‘ದ’ ಎಲ್ಲಿ ಹಾಕೋದು ಅಂತ ತಲೆ ಕೆಡಿಸಿಕೊಳ್ತಾರೆ, ನಾವೂ ಕೆಡಿಸಿಕೊಂಡವರೇ. ‘ಡೋಂಟ್ ಯು ಲೈಕ್ ಇಟ್?’ ಅಂದರೆ ಇಷ್ಟ ಇಲ್ಲದವರು ‘ಯೆಸ್’ ಅಂತಾರೆ, ನಾವು ‘ಹೌದು, ಇಷ್ಟ ಇಲ್ಲ’ ಅಂದ ಹಾಗೇ. ಇಂಥ ಕಡೆಗಳಲ್ಲಿ ನೀನು ನಿನ್ನ ಹೈಸ್ಕೂಲು ನೆನಪಿಸಿಕೊಂಡರೆ ಅರ್ಧ ಪಾಠ ತಯಾರಾಯ್ತು. ಹಿ, ಶಿ ಅದಲುಬದಲು ಮಾಡೋದು ಮಾತ್ರ ನಮಗೆ ವಿಚಿತ್ರ ಅನ್ನಿಸುತ್ತೆ. ಅವರ ಮಾತಿನಲ್ಲಿ ಅವನೂ ‘ಥಾ’, ಅವಳೂ ‘ಥಾ’. ಬರವಣಿಗೆಯಲ್ಲಿ ಬೇರೆ ಬೇರೆ ಅಕ್ಷರ, ಬಾಯಲ್ಲಿ ಒಂದೇ. ಹಾಗಾಗಿ ಬರೆಯುವಾಗ ಸರಿ ಇರೋ ಹುಡುಗಿಯೇ ಮಾತಾಡುವಾಗ ತನ್ನ ಅಮ್ಮನನ್ನ ‘ಹಿ’ ಅಂತಾಳೆ. ಪ್ರತಿ ಸಲ ತಡೆದು ತಿದ್ದಬೇಡ, ಮಾತೇ ನಿಂತುಹೋಗುತ್ತೆ. ‘ಆಲ್‌ದೋ’ ಹಾಕಿ ಮತ್ತೆ ‘ಬಟ್’ ಹಾಕೋದು, ‘ಬಿಕಾಸ್’ ಹಾಕಿ ಮತ್ತೆ ‘ಸೋ’ ಹಾಕೋದು ಅವರ ಭಾಷೆಯ ಜೋಡಿಪದಗಳಿಂದ ಬಂದ ಅಭ್ಯಾಸ. ಅದು ಬರವಣಿಗೆಯಲ್ಲಿ ತಿದ್ದಿದರೆ ಬೇಗ ಹೋಗುತ್ತೆ.

ನಿಜವಾಗಿ ಕಷ್ಟ ಇರೋದು ಓದಿನಲ್ಲಿ. ಕನ್ನಡದವಳು ಅನ್ನೋದು ನಿನ್ನ ಕೈ ಹಿಡಿಯೋದೂ ಅಲ್ಲೇ. ನಾವು ‘ನಿನ್ನೆ ಬಂದ ಹುಡುಗ’ ಅಂತೀವಿ. ಚೀನೀಯಲ್ಲೂ ನಿನ್ನೆ, ಬಂದ, ಹುಡುಗ, ಇದೇ ಕ್ರಮ. ವಿವರಣೆ ಎಷ್ಟೇ ಉದ್ದ ಇರಲಿ, ಹೆಸರಿನ ಮುಂಚೆಯೇ ಬಂದುಬಿಡುತ್ತೆ. ಇಂಗ್ಲಿಷಿನಲ್ಲಿ ಹುಡುಗ ಮೊದಲು, ಅವನ ಪುರಾಣ ಆಮೇಲೆ. ಕರ್ತೃ, ಕ್ರಿಯೆ, ಕರ್ಮ ಅನ್ನೋ ಸರಳ ವಾಕ್ಯದಲ್ಲಿ ಚೀನೀ ಇಂಗ್ಲಿಷಿನ ಹಾಗೇ ಇರೋದರಿಂದ ಇವರಿಗೆ ಮೊದಲೆರಡು ವರ್ಷ ಇಂಗ್ಲಿಷ್ ಸುಲಭ ಅನ್ನಿಸುತ್ತೆ. ಉದ್ದನೆ ವಾಕ್ಯ ಶುರುವಾದಾಗ ಕಾಲಡಿಯ ನೆಲ ಜಾರುತ್ತೆ.

ಒಂದು ಉದಾಹರಣೆ ಬರೀತೀನಿ, ಇದನ್ನ ನನ್ನ ಮಕ್ಕಳಿಗೆಲ್ಲ ಕೊಟ್ಟಿದ್ದೀನಿ: ‘ದ ಟೈಫೂನ್ ದಟ್ ಹಿಟ್ ದ ಈಸ್ಟ್ ಕೋಸ್ಟ್ ಲಾಸ್ಟ್ ವೀಕ್ ಲೆಫ್ಟ್ ಥೌಸಂಡ್ಸ್ ಆಫ್ ಫ್ಯಾಮಿಲೀಸ್ ವಿದೌಟ್ ವಾಟರ್.’ ಇದರಲ್ಲಿ ಗೊತ್ತಿಲ್ಲದ ಪದ ಒಂದೂ ಇಲ್ಲ. ಆದರೂ ‘ಹಿಟ್’ ಕಂಡ ಕೂಡಲೇ ಕ್ರಿಯಾಪದ ಸಿಕ್ತು ಅಂತ ವಾಕ್ಯ ಮುಗಿಸಿಬಿಡ್ತಾರೆ. ಮುಂದೆ ‘ಲೆಫ್ಟ್’ ಎದುರಾಗುತ್ತೆ. ಒಬ್ಬ ಅದನ್ನ ಎಡಗಡೆ ಅಂತಾನೆ, ಇನ್ನೊಬ್ಬಳು ಕುಟುಂಬಗಳೆಲ್ಲ ಊರು ಬಿಟ್ಟು ಹೋದವು ಅಂತಾಳೆ. ನಾನು ಮಾಡಿಸೋದು ಇಷ್ಟು: ಮೊದಲು ಪೆನ್ಸಿಲಿನಿಂದ ‘ದಟ್’ ಇಂದ ‘ವೀಕ್’ ವರೆಗೆ ಕಂಸ ಹಾಕಿಸ್ತೀನಿ. ಕಂಸದ ಒಳಗಿದ್ದದ್ದನ್ನ ಎತ್ತಿ ಟೈಫೂನಿಗಿಂತ ಮೊದಲು ಹಾಕಿ ಚೀನೀಯಲ್ಲಿ ಹೇಳು ಅಂತೀನಿ. ಕನ್ನಡದಲ್ಲಿ ‘ಹೋದ ವಾರ ಪೂರ್ವ ಕರಾವಳಿಗೆ ಬಡಿದ ಚಂಡಮಾರುತ’ ಆಗುತ್ತಲ್ಲ, ಅವರ ಚೀನೀಯೂ ಅದೇ ಕ್ರಮದಲ್ಲಿ ಬರುತ್ತೆ. ಮುಖ ಅರಳುತ್ತೆ. ಅವರು ಹೇಳಿದ್ದು ಸರಿಯಾಗಿದೆಯಾ ಅಂತ ನಾನು ಮನಸ್ಸಿನಲ್ಲೇ ಕನ್ನಡ ಇಟ್ಟುಕೊಂಡು ನೋಡ್ಕೋತೀನಿ.

ಅಲ್ಲಿಗೇ ನಿಲ್ಲಿಸಬಾರದು. ಹಿಂದೆ ಮುಂದೆ ಮಾಡ್ತಾ ಭಾಷಾಂತರಿಸಿಕೊಂಡು ಓದೋದೇ ಚಾಳಿಯಾದರೆ ಪರೀಕ್ಷೆಯಲ್ಲಿ ಸಮಯ ಸಾಲಲ್ಲ. ಎರಡನೇ ಹಂತದಲ್ಲಿ ವಾಕ್ಯವನ್ನ ತುಂಡು ತುಂಡಾಗಿ ಗೆರೆ ಹಾಕಿ, ಎಡದಿಂದ ಬಲಕ್ಕೆ, ಹಿಂದಕ್ಕೆ ತಿರುಗದೆ ಜೋರಾಗಿ ಓದಿಸು. ಟೈಫೂನ್, ಯಾವುದು, ಬಡಿದದ್ದು, ಎಲ್ಲಿ, ಯಾವಾಗ, ಅದೇನು ಮಾಡಿತು? ಪದಗಳ ಕೆಳಗೆ ಸಣ್ಣದಾಗಿ ಚೀನೀ ಅಕ್ಷರ ಬರೆದುಕೊಳ್ಳೋ ರೂಢಿ ಎಲ್ಲರಿಗೂ ಇರುತ್ತೆ. ನಿಧಾನವಾಗಿ ಬಿಡಿಸು. ಅವರ ಕಣ್ಣು ಚೀನೀ ಅಕ್ಷರದ ಕಡೆಗೇ ಓಡುತ್ತೆ, ಇಂಗ್ಲಿಷ್ ಸಾಲು ಹಾಗೇ ಉಳಿದುಬಿಡುತ್ತೆ.

ಪದಗಳ ಬಗ್ಗೆ: ಕಾಲೇಜು ಸೇರೋಕೆ ಜನವರಿಯಲ್ಲಿ ಶುಯೆ-ತ್ಸೆ ಅನ್ನೋ ಪರೀಕ್ಷೆ ನಡೆಯುತ್ತೆ. ಅದರ ಇಂಗ್ಲಿಷ್ ಪತ್ರಿಕೆಯಲ್ಲಿ ಪದ, ಬಿಟ್ಟ ಸ್ಥಳ, ಓದು ಎಲ್ಲ ಆದ ಮೇಲೆ ಎರಡು ಚೀನೀ ವಾಕ್ಯಗಳ ಅನುವಾದ, ಕಡೆಗೆ ಕನಿಷ್ಠ 120 ಪದಗಳ ಪ್ರಬಂಧ. ಇದಕ್ಕೆಂದು ಆರು ಹಂತಗಳ ಪದಪಟ್ಟಿಯೊಂದಿದೆ, ಜನ ಅದನ್ನ ‘ಏಳು ಸಾವಿರ ಪದ’ ಅಂತ ಕರೀತಾರೆ. ಎ ಇಂದ ಶುರುಮಾಡಿ ಉರು ಹೊಡೀತಾರೆ. ಚೀನಾದಲ್ಲಿ ಇದರ ಮೇಲೊಂದು ಹಳೇ ತಮಾಷೆ ಇದೆ: ಪದಗಳ ಪುಸ್ತಕದ ಮೊದಲ ಪದ ‘ಅಬ್ಯಾಂಡನ್’, ಹಾಗಾಗಿ ಎಲ್ಲರೂ ಅದನ್ನ ಕಲಿತು ಅಲ್ಲೇ ಕೈಬಿಡ್ತಾರಂತೆ!

ಅಕ್ಷರಮಾಲೆಯ ಕ್ರಮ ಬಿಟ್ಟು ಪದದ ಮೈ ನೋಡೋಕೆ ಕಲಿಸು. ಈ ಮಕ್ಕಳ ಕಣ್ಣಿಗೆ ಅದು ಮೊದಲೇ ಅಭ್ಯಾಸ. ನದಿ, ಸರೋವರ, ಸಮುದ್ರ ಮೂರೂ ಅಕ್ಷರಗಳ ಎಡಕ್ಕೆ ನೀರಿನ ಮೂರು ಚುಕ್ಕೆ ಇರುತ್ತೆ, ಅದನ್ನ ನೋಡೇ ಇದು ನೀರಿಗೆ ಸಂಬಂಧಿಸಿದ್ದು ಅಂತ ಊಹಿಸ್ತಾರೆ. ‘ಪೋರ್ಟ್’ ಕೊಟ್ಟು ಇಂಪೋರ್ಟ್, ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್ ಒಟ್ಟಿಗೆ ಇಟ್ಟರೆ ಅದೇ ಕಣ್ಣಿಂದ ನೋಡ್ತಾರೆ, ಬೇಗ ಹಿಡೀತಾರೆ. ಆದರೆ ಒಂದು ಪದಕ್ಕೆ ಒಂದು ಚೀನೀ ಅರ್ಥ ಅಂತ ಕಲಿತವರಿಗೆ ಯಾವುದರ ಜೊತೆ ಯಾವುದು ಸೇರುತ್ತೆ ಅನ್ನೋದು ಗೊತ್ತಿರಲ್ಲ. ‘ಓಪನ್ ದ ಲೈಟ್’ ಅಂತಾರೆ. ನಗಬೇಡ, ನಮ್ಮವರು ‘ಪುಟ್ ದ ಲೈಟ್’ ಅನ್ನಲ್ವಾ. ಬಿಡಿ ಪದದ ಬದಲು ಜೋಡಿಯನ್ನೇ ಬರೆಸು.

ಓದೋಕೆ ಕೊಡುವಾಗ ಅವರಿಗೆ ಗೊತ್ತಿರೋ ವಿಷಯ ಕೊಡು. ಲಂಡನ್ನಿನ ಮಳೆ, ಹಳೇ ಕೋಟೆ ಯಾರಿಗೆ ಬೇಕು? ಟೈಫೂನ್ ರಜೆ, ರಾತ್ರಿ ಸಂತೆ, ಸಂಗೀತ ಹಾಕಿಕೊಂಡು ಬರೋ ಕಸದ ಲಾರಿ, ಅಪ್ಪ ಕೆಲಸ ಮಾಡೋ ಚಿಪ್ ಕಾರ್ಖಾನೆ, ಇವುಗಳ ಮೇಲೆ ನೀನೇ ಅರ್ಧ ಪುಟ ಬರಿ. ವಿಷಯ ಗೊತ್ತಿದ್ದಾಗ ಗೊತ್ತಿಲ್ಲದ ಪದವನ್ನ ಊಹಿಸೋ ಧೈರ್ಯ ಬರುತ್ತೆ. ದೊಡ್ಡ ಸಂಖ್ಯೆ ಬಂದಾಗ ಮಾತ್ರ ನಿಲ್ಲು. ಇವರು ಹತ್ತು ಸಾವಿರಕ್ಕೆ ‘ವಾನ್’ ಅಂತ ಎಣಿಸೋ ಜನ, ನಾವು ಲಕ್ಷದವರು. ಮಿಲಿಯನ್ ಅಂದರೆ ಇಬ್ಬರೂ ಬೆರಳು ಮಡಿಸಬೇಕು.

ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಯಾರೂ ಬಾಯಿ ಬಿಡಲ್ಲ. ಶಿವಮೊಗ್ಗದ ಹಾಗೆ ಹಿಂದಿನ ಬೆಂಚಿಂದ ಕೂಗು ಬರುತ್ತೆ ಅಂತ ಕಾಯಬೇಡ. ಎಲ್ಲರೆದುರು ತಪ್ಪು ಹೇಳಿ ಮುಖಭಂಗ ಆಗೋದು ಬೇಡ ಅಂತ ಅಷ್ಟೇ. ಇಬ್ಬಿಬ್ಬರನ್ನ ಮಾತಾಡಿಸಿ ಆಮೇಲೆ ಕೇಳಿದರೆ ಉತ್ತರ ಬರುತ್ತೆ. ನಿನ್ನ ಹೆಸರು ಹಿಡಿದು ಕರೆಯಲ್ಲ, ‘ಟೀಚರ್’ ಅಂತಾರೆ. ಅದು ನಮ್ಮೂರಿನಂತೆಯೇ.

ಮಗನ ವಿಷಯ. ಆರು ತುಂಬಿದ ಮೇಲೆ ಒಂದನೇ ತರಗತಿ. ಸರ್ಕಾರಿ ಶಾಲೆಗೇ ಹಾಕು ಅನ್ನೋದು ನನ್ನ ಮಾತು. ಮೊದಲ ಹತ್ತು ವಾರ 37 ಧ್ವನಿಚಿಹ್ನೆಗಳ ಬೊಪೊಮೊಫೊ ಕಲಿಸ್ತಾರೆ, ಆಮೇಲೇ ಚೀನೀ ಅಕ್ಷರ. ಕಾಗುಣಿತ ಕಲಿತ ಮಗುವಿಗೆ ಅದು ಕಷ್ಟ ಆಗಲ್ಲ. ಇಂಗ್ಲಿಷ್ ವಿಷಯವಾಗಿ ಬರೋದು ಪಠ್ಯಕ್ರಮದ ಪ್ರಕಾರ ಮೂರನೇ ತರಗತಿಯಿಂದ, ಎಷ್ಟೋ ಶಾಲೆಗಳಲ್ಲಿ ಇನ್ನೂ ಮುಂಚೆಯೇ.

ಹೊರಡೋ ಮುಂಚೆ ಮಾಡಬೇಕಾದ್ದು: ನಿನ್ನ ಡಿಗ್ರಿ, ಬಿ.ಎಡ್., ಮದುವೆ ಸರ್ಟಿಫಿಕೇಟು, ಮಗನ ಜನನ ಪ್ರಮಾಣಪತ್ರ, ಎಲ್ಲಕ್ಕೂ ವಿದೇಶಾಂಗ ಸಚಿವಾಲಯದ ದೃಢೀಕರಣ ಮಾಡಿಸು. ಆಮೇಲೆ ಚೆನ್ನೈಯಲ್ಲಿರೋ ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರದ ಮುದ್ರೆ ಬೀಳಬೇಕು. ಇಲ್ಲಿಗೆ ಬಂದ ಮೇಲೆ ಮಾಡಿಸ್ತೀನಿ ಅಂದರೆ ಕಾಗದ ಊರಿಗೆ ವಾಪಸ್ ಕಳಿಸಬೇಕಾಗುತ್ತೆ, ತಿಂಗಳುಗಟ್ಟಲೆ ಕಾಯಬೇಕಾಗುತ್ತೆ. ಈ ವಾರವೇ ಶುರುಮಾಡು.