ಹೊನ್ನಾವರದಿಂದ ಸಮುದ್ರಕ್ಕೆ ಇಳಿಯುವ ಮುನ್ನ ಯಾವ ಹವಾಮಾನ ಆ್ಯಪ್ ನಂಬಬೇಕು?

ಜೂನ್ 1ರಿಂದ ಯಾಂತ್ರೀಕೃತ ದೋಣಿಗಳಿಗೆ ನಿಷೇಧ ಬರುವುದರೊಳಗೆ, ಹುಬ್ಬಳ್ಳಿಯಿಂದ ಗೆಳೆಯರೊಡನೆ ಹೋಗಿ ಬಾಡಿಗೆ ದೋಣಿಯಲ್ಲಿ ಗಾಳ ಹಾಕಬೇಕೆಂದಿದ್ದೀರಿ. ಮೂರು ಆ್ಯಪ್‌ಗಳು ಮೂರು ಬಗೆಯಾಗಿ ಹೇಳುತ್ತಿವೆ, ಯಾವುದು ಸರಿ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾವೂ ಧಾರವಾಡದಿಂದ ಹೊರಡುವ ಮುನ್ನ ಇದನ್ನೇ ಚರ್ಚಿಸಿದ್ದೆವು.

ನಮಗೆ ಸಿಕ್ಕ ಮುನ್ಸೂಚನೆ ಸುಳ್ಳಾಗಲಿಲ್ಲ. ಗಾಳಿ 8 ನಾಟ್ (ಗಂಟೆಗೆ ಸುಮಾರು 15 ಕಿ.ಮೀ.), ಅಲೆ 1.2 ಮೀಟರ್, ಮಳೆಯಿಲ್ಲ ಎಂದಿತ್ತು. ದಿನವಿಡೀ ಹಾಗೆಯೇ ಇತ್ತು. ಪಕ್ಕದಲ್ಲಿ ಅಲೆಯ ಅವಧಿ 15 ಸೆಕೆಂಡ್ ಎಂದೂ ಇತ್ತು. ಅಲೆಗಳು ಅಷ್ಟು ಬಿಡುವು ಕೊಟ್ಟು ಬರುತ್ತವೆಂದರೆ ಸಮುದ್ರ ಶಾಂತವಾಗಿದೆ ಎಂದು ನಾನು ತಿಳಿದೆ, ಉಳಿದವರಿಗೂ ಹಾಗೆಯೇ ಹೇಳಿದೆ. ತಪ್ಪಾದದ್ದು ಅಲ್ಲಿಯೇ. ಉಣಕಲ್ ಕೆರೆಯಲ್ಲಿ ಗಾಳಿ ನಿಂತರೆ ಅಲೆಯೂ ನಿಲ್ಲುತ್ತದೆ. ಅರಬ್ಬಿ ಸಮುದ್ರದ ಲೆಕ್ಕ ಬೇರೆ. ಅಂಥ ದೀರ್ಘ ಅವಧಿಯ ಅಲೆ ಸ್ಥಳೀಯ ಗಾಳಿಗೆ ಎದ್ದದ್ದಲ್ಲ, ಬಹಳ ದೂರದ ಬಿರುಗಾಳಿಯಿಂದ ಹೊರಟು ದಿನಗಟ್ಟಲೆ ಸಾಗಿ ಬಂದದ್ದು. ಮೇ ತಿಂಗಳಲ್ಲಿ ನಮ್ಮ ಕರಾವಳಿಗೆ ಅದು ದಕ್ಷಿಣ ಹಿಂದೂ ಮಹಾಸಾಗರದಿಂದಲೂ ಬರುತ್ತದೆ. ಆಳ ನೀರಿನಲ್ಲಿ ಅದರ ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಸುಮಾರು 350 ಮೀಟರ್ ಅಂತರವಿರುವುದರಿಂದ ದೋಣಿ ಏರಿಳಿದದ್ದೇ ತಿಳಿಯುವುದಿಲ್ಲ. ಆದರೆ ಆಳ ಕಡಿಮೆಯಾದಂತೆ ಅದರ ವೇಗ ತಗ್ಗಿ, ಅಂತರ ಕುಗ್ಗಿ, ಎತ್ತರ ಬೆಳೆಯುತ್ತದೆ. ಆರು ಸೆಕೆಂಡಿನ ಸಣ್ಣ ಅಲೆ ಇಷ್ಟು ಬೆಳೆಯುವುದಿಲ್ಲ.

ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ ಹೂಳು ತುಂಬಿಕೊಂಡು ಆಳ ಕಡಿಮೆಯಾಗಿದೆ, ಮರಳುವ ದಾರಿಯೂ ಅದೇ. ಬೇಗ ಮರಳೋಣ ಎಂದು ದೋಣಿ ನಡೆಸುವ ತಾಂಡೇಲರು ಹೇಳಿದ್ದರು. ಮೀನು ಕಚ್ಚುತ್ತಿವೆ ಎಂದು ನಾವೇ ತಡೆದೆವು. ನಾವು ಅಳಿವೆಗೆ ಬಂದಾಗ ಇಳಿತದ ನೀರು ರಭಸದಿಂದ ಹೊರಹೋಗುತ್ತಿತ್ತು, ಅದಕ್ಕೆ ಎದುರಾಗಿ ಆ ಅಲೆಗಳು ಗೋಡೆಯಂತೆ ಎದ್ದು ಒಡೆಯುತ್ತಿದ್ದವು. ತಾಂಡೇಲರು ಎಂಜಿನ್ ತಗ್ಗಿಸಿ, ದೊಡ್ಡ ಅಲೆಗಳ ಒಂದು ಗುಂಪು ಹೋಗಲು ಬಿಟ್ಟು ನುಗ್ಗಿದರು. ಆದರೂ ಒಂದು ಅಲೆ ದೋಣಿಯ ಹಿಂಬದಿಯನ್ನು ಎತ್ತಿ ಅಡ್ಡ ತಿರುಗಿಸಿತು. ನನ್ನ ಸೋದರಮಾವನ ಮಗ ಐಸ್ ಪೆಟ್ಟಿಗೆಯ ಮೇಲೆ ಬಿದ್ದು ಮುಂಗೈ ಮುರಿದುಕೊಂಡ. ತಾಂಡೇಲರು ಆ ಕ್ಷಣದಲ್ಲಿ ದೋಣಿಯನ್ನು ನೇರ ಮಾಡದಿದ್ದರೆ ಎಲ್ಲರೂ ನೀರಿನಲ್ಲಿರುತ್ತಿದ್ದೆವು.

ಆದ್ದರಿಂದ ಯಾವ ಆ್ಯಪ್ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬಹುತೇಕ ಆ್ಯಪ್‌ಗಳು ಯುರೋಪಿನ ಇಸಿಎಂಡಬ್ಲ್ಯುಎಫ್, ಅಮೆರಿಕದ ಜಿಎಫ್‌ಎಸ್‌ನಂಥ ಕೆಲವೇ ಕಂಪ್ಯೂಟರ್ ಹವಾಮಾನ ಮಾದರಿಗಳ ಲೆಕ್ಕವನ್ನು ತೋರಿಸುತ್ತವೆ. ಅವು ಭಿನ್ನವಾಗಿದ್ದರೆ ಕೆಟ್ಟದ್ದನ್ನೇ ನಿಜವೆಂದು ಹಿಡಿಯಿರಿ. ಅಳಿವೆಯ ಹೂಳು ಅವುಗಳ ಲೆಕ್ಕದಲ್ಲಿಲ್ಲ. ಮೊದಲು ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯನ್ನು ಓದಿ. ಸಮುದ್ರಕ್ಕೆ ಇಳಿಯಬಾರದು ಎಂದಿದ್ದರೆ ಮುಂದೆ ನೋಡುವುದೇನೂ ಇಲ್ಲ. ಆಮೇಲೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಸಮುದ್ರ ಮುನ್ಸೂಚನೆಯಲ್ಲಿ ದೂರದಿಂದ ಬರುವ ಇಂಥ ಅಲೆಯ, ಅಂದರೆ ಸ್ವೆಲ್‌ನ ಎತ್ತರ, ಅವಧಿ, ದಿಕ್ಕುಗಳನ್ನು ಬೇರೆಯಾಗಿ ನೋಡಿ. ಅಲ್ಲಿ ಕೊಡುವ ಅಲೆಯ ಎತ್ತರ ಅತಿ ದೊಡ್ಡ ಮೂರನೇ ಒಂದು ಭಾಗದ ಅಲೆಗಳ ಸರಾಸರಿ ಮಾತ್ರ. ನಡುನಡುವೆ ಅದರ ಹೆಚ್ಚುಕಡಿಮೆ ಎರಡರಷ್ಟು ಎತ್ತರದ್ದೂ ಬರುತ್ತದೆ. ಮುನ್ಸೂಚನೆಯ ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣಿತ ಸಮಯದಲ್ಲಿ) ಇದ್ದರೆ ಐದೂವರೆ ಗಂಟೆ ಕೂಡಿಸುವುದನ್ನು ಮರೆಯಬೇಡಿ. ಉಬ್ಬರವಿಳಿತದ ಪಟ್ಟಿಯನ್ನು ಜೊತೆಗಿಟ್ಟುಕೊಂಡು, ನೀರು ಏರುತ್ತಿರುವಾಗಲೇ ಅಳಿವೆಯೊಳಗೆ ಬರುವಂತೆ ಸಮಯ ಗೊತ್ತುಮಾಡಿ.

ನನ್ನನ್ನು ಕೇಳಿದರೆ ಮೇ ತಿಂಗಳೇ ಬೇಡ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಆ ಕರಾವಳಿಯಲ್ಲಿ ಅಲೆಗಳು ಸಾಮಾನ್ಯವಾಗಿ ಬಹಳ ಚಿಕ್ಕವು. ರಜೆ ಹಾಕಿದ್ದೇವೆ, ಘಟ್ಟ ಇಳಿದು ಬಂದಿದ್ದೇವೆ ಎಂಬ ಕಾರಣಕ್ಕೆ ತಾಂಡೇಲರನ್ನು ಒತ್ತಾಯಿಸಬೇಡಿ. ಮೇನಲ್ಲೇ ಹೋಗುವುದಾದರೆ, ಸ್ವೆಲ್ ಒಂದು ಮೀಟರಿಗಿಂತ ಹೆಚ್ಚು, ಅವಧಿ 12 ಸೆಕೆಂಡಿಗಿಂತ ಹೆಚ್ಚು ಇದ್ದ ದಿನ, ಕೊಟ್ಟ ಮುಂಗಡ ಹೋದರೂ ಸರಿ, ದಡದಲ್ಲೇ ಉಳಿಯಿರಿ.