ಯೋಗ, ಧ್ಯಾನ ಶುರುಮಾಡಿದರೆ ಆಪ್ತಸಮಾಲೋಚನೆ ನಿಲ್ಲಿಸಬಹುದೇ? ಮನಸ್ಸಿನ ನೋವಿಗೆ ಯಾವುದು ಉತ್ತಮ?

ಐದು ಭೇಟಿಗಳಾದ ಮೇಲೆ ಸಮಾಲೋಚನೆ ಭಾರವಾಗುತ್ತಿದೆ, ಮುಂದಿನ ತಿಂಗಳು ಹತ್ತು ದಿನಗಳ ಮೌನ ಶಿಬಿರಕ್ಕೆ ಹೋಗುತ್ತೇನೆ ಎಂದು ಬರೆದಿದ್ದೀರಿ. ನಾನು ಓಡಿದ್ದೂ ಐದನೆಯ ಭೇಟಿಯ ನಂತರವೇ.

2021ರ ಮೇ ತಿಂಗಳಲ್ಲಿ ಅಪ್ಪ ಕೋವಿಡ್‌ನಿಂದ ತೀರಿಕೊಂಡರು. ವಾರ್ಡಿನೊಳಗೆ ನಮ್ಮನ್ನು ಬಿಡಲಿಲ್ಲ. ಹನ್ನೊಂದನೆಯ ದಿನದ ಕಾರ್ಯಕ್ಕೆ ನಾವು ನಾಲ್ಕೇ ಜನ. ಅಳುವುದಕ್ಕೂ ಪುರುಸೊತ್ತಿಲ್ಲದಂತೆ ದಿನಗಳು ಕಳೆದವು. ಆರು ತಿಂಗಳ ನಂತರ, ಎಂಟನೆಯ ತರಗತಿಗೆ ಗಣಿತ ಹೇಳಿಕೊಡುತ್ತಿದ್ದಾಗ, ಎದೆ ಹಿಡಿದು ಉಸಿರೇ ಸಿಗದಂತಾಯಿತು. ಹೃದಯದ ಪರೀಕ್ಷೆಗಳೆಲ್ಲ ಸರಿಯಾಗಿದ್ದವು. ಮನೋವೈದ್ಯರು ಒಂದು ಮಾತ್ರೆ ಬರೆದುಕೊಟ್ಟು, ವಾರಕ್ಕೊಮ್ಮೆ ಆಪ್ತಸಮಾಲೋಚಕಿಯೊಬ್ಬರನ್ನು ನೋಡಲು ಹೇಳಿದರು.

ಐದನೆಯ ವಾರ ಆಕೆ, "ಅಪ್ಪನ ಜೊತೆ ಕೊನೆಯ ಸಲ ಮಾತನಾಡಿದ್ದು ಯಾವಾಗ?" ಎಂದು ಕೇಳಿದರು. ನೆನಪಿಲ್ಲ ಎಂದೆ. ನೆನಪಿತ್ತು. ರಾತ್ರಿ ಎರಡು ಗಂಟೆಗೆ ಅಪ್ಪನ ಕರೆ ಬಂದಿತ್ತು. ಮಾತಿರಲಿಲ್ಲ, ಮಾಸ್ಕಿನೊಳಗಿನ ಉಸಿರು ಮಾತ್ರ ಕೇಳುತ್ತಿತ್ತು. "ಅಪ್ಪಾ, ಏನೂ ಕೇಳಿಸುತ್ತಿಲ್ಲ, ಬೆಳಿಗ್ಗೆ ಮಾಡುತ್ತೇನೆ" ಎಂದು ಕರೆ ಕತ್ತರಿಸಿದವಳು ನಾನು. ಬೆಳಿಗ್ಗೆ ಕರೆ ಬಂದದ್ದು ಆಸ್ಪತ್ರೆಯಿಂದ.

ಸಮಾಲೋಚಕಿಯ ಕೋಣೆಗೆ ಮತ್ತೆ ಹೋಗಲಿಲ್ಲ. ಬಿಟ್ಟೆ ಎಂದು ಯಾರಿಗೂ ಹೇಳಲೂ ಇಲ್ಲ. ಯೋಗ ತರಗತಿಗೆ ಸೇರಿದೆ, ಮೈ ಹಗುರವಾಯಿತು. ಇದೇ ಸಾಕು ಅನ್ನಿಸಿ ಮೌನ ಶಿಬಿರಕ್ಕೆ ಅರ್ಜಿ ಹಾಕಿದೆ.

ನನ್ನ ತಪ್ಪು ಇರುವುದು ಆ ಅರ್ಜಿಯಲ್ಲಿ. ಅದರಲ್ಲೊಂದು ಪ್ರಶ್ನೆಯಿತ್ತು: ಮಾನಸಿಕ ತೊಂದರೆಗೆ ಚಿಕಿತ್ಸೆ ಪಡೆಯುತ್ತಿದ್ದೀರಾ, ಔಷಧ ತೆಗೆದುಕೊಳ್ಳುತ್ತಿದ್ದೀರಾ? ನಾನು "ಇಲ್ಲ" ಎಂದು ಬರೆದೆ. ಹೌದು ಎಂದರೆ ಸೇರಿಸಿಕೊಳ್ಳಲಿಕ್ಕಿಲ್ಲ ಎಂಬ ಭಯ. ಬರೆದದ್ದು ಸುಳ್ಳಾಗಬಾರದಲ್ಲ ಎಂದು ಶಿಬಿರಕ್ಕೆ ನಾಲ್ಕು ದಿನ ಮೊದಲು ಮಾತ್ರೆಯನ್ನೂ ನಿಲ್ಲಿಸಿದೆ, ಒಂದೇ ಸಲಕ್ಕೆ, ವೈದ್ಯರನ್ನು ಕೇಳದೆ. ಆ ಪ್ರಶ್ನೆಯನ್ನು ಆಫೀಸಿನ ಶಾಸ್ತ್ರ ಎಂದುಕೊಂಡಿದ್ದೆ. ಹತ್ತು ದಿನ ಯಾರೊಡನೆಯೂ ಮಾತನಾಡದೆ, ದಿನವಿಡೀ ಕಣ್ಣು ಮುಚ್ಚಿ ಕೂರಲು ಹೋಗುವವಳ ಒಳಗೆ ಏನಿದೆ ಎಂದು ಕೂರಿಸುವವರಿಗೆ ಗೊತ್ತಿರಲಿ ಎಂದೇ ಅದನ್ನು ಕೇಳಿದ್ದರು. ಅಲ್ಲಿನವರ ಮೇಲೆ ನನಗೆ ದೂರಿಲ್ಲ. ಅವರಿಗೆ ಗೊತ್ತಾಗದಂತೆ ನೋಡಿಕೊಂಡವಳು ನಾನು. ಶಿಬಿರದ ವಿಷಯ ವೈದ್ಯರಿಗೆ ತಿಳಿಯಲಿಲ್ಲ, ಮಾತ್ರೆಯ ವಿಷಯ ಶಿಬಿರದವರಿಗೆ ತಿಳಿಯಲಿಲ್ಲ, ಫೋನ್ ಕರೆಯ ವಿಷಯ ಯಾರಿಗೂ ತಿಳಿಯಲಿಲ್ಲ.

ಅಲ್ಲಿ ಮೊದಲು ಕಲಿಸಿದ್ದು ಉಸಿರನ್ನು ಗಮನಿಸುವುದನ್ನು. ಉಸಿರಾಡಲಾಗದೆ ಸತ್ತ ಅಪ್ಪನ ಮಗಳಿಗೆ. ಮೂರನೆಯ ದಿನ ಮಧ್ಯಾಹ್ನ ನನ್ನ ಉಸಿರು ನನಗೆ ಮಾಸ್ಕಿನೊಳಗಿನ ಉಸಿರಾಗಿ ಕೇಳಿಸಿತು. ಕಣ್ಣು ತೆರೆದರೂ ನಿಲ್ಲಲಿಲ್ಲ. ನಾಲ್ಕನೆಯ ರಾತ್ರಿ ನಿದ್ದೆ ಪೂರ್ತಿ ಹೋಯಿತು. ತಲೆಯೊಳಗೆ ಕರೆಂಟ್ ಹೊಡೆದಂತೆ ಜುಮ್ಮೆನ್ನುತ್ತಿತ್ತು. ಖಿನ್ನತೆ, ಆತಂಕದ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಹೀಗಾಗಬಹುದು ಎಂದು ನನಗೆ ತಿಳಿದದ್ದು ಆಮೇಲೆ. ಆರನೆಯ ದಿನ ತಮ್ಮ ಬಂದು ಕರೆದುಕೊಂಡು ಹೋದ. ಐದು ತಿಂಗಳು ಶಾಲೆಗೆ ಹೋಗಲಾಗಲಿಲ್ಲ, ಸಂಬಳವಿಲ್ಲದ ರಜೆ.

ನಮ್ಮ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮ ಅದು, ಅಲ್ಲಿಯವರೆಗೆ ನಾನು ಅದರ ಹೆಸರನ್ನೂ ಕೇಳಿರಲಿಲ್ಲ. ಮಾತ್ರೆ ಮತ್ತೆ ಶುರುವಾಯಿತು. ಹಳೆಯ ಸಮಾಲೋಚಕಿಯ ಬಳಿಗೇ ತಲೆ ತಗ್ಗಿಸಿಕೊಂಡು ಹೋದೆ. ಆಕೆ ಗದರಿಸಲಿಲ್ಲ. ಯೋಗ ಬಿಡಿ ಎನ್ನಲೂ ಇಲ್ಲ. ಯೋಗ ಶಿಕ್ಷಕಿಯ ಜೊತೆ ಮಾತನಾಡಲು ನನ್ನಿಂದ ಲಿಖಿತ ಒಪ್ಪಿಗೆ ಕೇಳಿದರು, ಅಷ್ಟೇ.

ಆಮೇಲೆ ಅಭ್ಯಾಸವೇ ಬದಲಾಯಿತು. ಕಣ್ಣು ತೆರೆದೇ ಇರಬೇಕು. ತಾಡಾಸನದಲ್ಲಿ ಅಂಗಾಲು ನೆಲಕ್ಕೆ ಊರಿದ್ದನ್ನು ಗಮನಿಸಬೇಕು. ಕಪಾಲಭಾತಿ ಬೇಡ, ವೇಗದ ಉಸಿರು ನನ್ನ ದೇಹಕ್ಕೆ ಗಾಬರಿಯಂತೆಯೇ ಅನ್ನಿಸುತ್ತಿತ್ತು. ಬದಲಿಗೆ ದುಂಬಿಯಂತೆ ಗುಂಯ್‌ಗುಡುವ ಭ್ರಾಮರಿ. ಉಸಿರು ಬಿಡುವಾಗ ಗಂಟಲಲ್ಲಿ ದನಿ ಇದ್ದುದರಿಂದ ಅದು ಆ ಮಾಸ್ಕಿನ ಸದ್ದಾಗಲಿಲ್ಲ. ಶವಾಸನ ನನ್ನಿಂದಾಗುವುದಿಲ್ಲ ಎಂದಾಗ ಶಿಕ್ಷಕಿ ಕಾರಣ ಕೇಳಲಿಲ್ಲ, ಬೋರಲಾಗಿ ಮಕರಾಸನದಲ್ಲಿ ಮಲಗಿಸಿದರು. ಒಂದು ದಿನ ಭ್ರಾಮರಿಯ ನಡುವೆ ಗಂಟಲು ಕಟ್ಟಿ ದನಿ ನಿಂತುಹೋಯಿತು. ಅದೇ ವಾರ ಸಮಾಲೋಚನೆಯಲ್ಲಿ ಅದನ್ನು ಹೇಳಿದೆ. "ಗಂಟಲಲ್ಲಿ ಸಿಕ್ಕಿಕೊಂಡಿರುವ ಮಾತು ಯಾವುದು?" ಎಂದು ಆಕೆ ಕೇಳಿದರು. ಆಗ ಆ ರಾತ್ರಿ ಎರಡು ಗಂಟೆಯ ಕರೆಯನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದೆ.

ಹಾಗಾಗಿ ಯಾವುದು ಉತ್ತಮ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೋವು ಎಲ್ಲಿ ಕುಳಿತಿದೆ ಎಂದು ನನ್ನ ಮೈ ತೋರಿಸಿಕೊಟ್ಟಿತು, ಅದಕ್ಕೆ ಮಾತು ಕೊಡಲು ಎದುರಿಗೊಬ್ಬ ಮನುಷ್ಯರು ಬೇಕಾಯಿತು. "ಧ್ಯಾನದಲ್ಲಿ ಕರಗಿಸುತ್ತೇನೆ" ಎಂದಿದ್ದೀರಿ. ಐದನೆಯ ಭೇಟಿಯಲ್ಲಿ ಭಾರ ಅನ್ನಿಸಿದ್ದು ಏನು ಎಂದು ಮೊದಲು ಒಂದು ಚೀಟಿಯಲ್ಲಿ ಬರೆದು, ಆರನೆಯ ಭೇಟಿಗೆ ತೆಗೆದುಕೊಂಡು ಹೋಗಿ. ಎದುರು ಕುಳಿತು ಓದಲಾಗದಿದ್ದರೆ ಚೀಟಿಯನ್ನು ಕೈಗೆ ಕೊಟ್ಟುಬಿಡಿ. ಪತಂಜಲಿ ಹೇಳಿದ ಯೋಗದ ಎಂಟು ಅಂಗಗಳಲ್ಲಿ ಧ್ಯಾನ ಏಳನೆಯದು. ಮೊದಲನೆಯದು ಯಮ, ಅಂದರೆ ನಡತೆಯ ಕಟ್ಟುಪಾಡುಗಳು, ಅದರಲ್ಲಿ ಎರಡನೆಯದು ಸತ್ಯ. ನಾನು ಅರ್ಜಿಯಲ್ಲಿ ಅದನ್ನು ಮುರಿದು ನೇರವಾಗಿ ಏಳನೆಯದಕ್ಕೆ ಹಾರಿದ್ದೆ.

ಯೋಗ ಬೇಡವೆಂದು ಹೇಳುತ್ತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯರೂ ಯೋಗ ಚಿಕಿತ್ಸಕರೂ ಒಂದೇ ಆವರಣದಲ್ಲಿ ಸಿಗುತ್ತಾರೆ, ಇಂಟಿಗ್ರೇಟಿವ್ ಮೆಡಿಸಿನ್ ವಿಭಾಗವೇ ಇದೆ. ಅಷ್ಟು ದೂರ ಹೋಗಲಾಗದಿದ್ದರೆ ನಿಮ್ಮೂರಿನ ಸಮಾಲೋಚಕರಿಗೂ ಯೋಗ ಶಿಕ್ಷಕರಿಗೂ ಪರಸ್ಪರರ ವಿಷಯ ತಿಳಿಸಿ. ಯೋಗ ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಮಧ್ಯರಾತ್ರಿ ತಡೆಯಲಾಗದಂತಾದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಸಹಾಯವಾಣಿ ಅದು, ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ.

ಶಿಬಿರದ ಅರ್ಜಿಯನ್ನು ಈಗಾಗಲೇ ಕಳಿಸಿದ್ದೀರಾ? ಆ ಪ್ರಶ್ನೆಯ ಮುಂದೆ ಏನು ಬರೆದಿದ್ದೀರಿ? ನಾನು ಬರೆದದ್ದನ್ನೇ ಬರೆದಿದ್ದರೆ, ನಾಳೆ ಬೆಳಿಗ್ಗೆಯೇ ಅವರಿಗೆ ಫೋನ್ ಮಾಡಿ ತಿದ್ದಿಸಿ.